ನಲವತ್ತೊಂದನೇ ಪೆಟ್ಟಿಗೆ

ಟರ್ಕಿಫೂಟ್ ಕೊಳ್ಳದಲ್ಲಿ ಟಪಾಲು ಹಂಚಲು ಹಿಡಿದು
ಹತ್ತೊಂಬತ್ತು ವರ್ಷ.
ಸ್ಟಿಯರಿಂಗು ಎಡಕ್ಕೆ, ನಾನು ಬಲಗಡೆ ಸೀಟಿಗೆ,
ಎಡಗಾಲು ಚಾಚಿ ಬ್ರೇಕು, ಬಲಗೈ ಕಿಟಕಿಯಾಚೆ,
ಹೀಗೆ ಸೊಂಟ ತಿರುಚಿಕೊಂಡೇ
ದಿನಕ್ಕೆ ಮುನ್ನೂರ ಹನ್ನೆರಡು ಪೆಟ್ಟಿಗೆ.
ಮುಖಗಳಿಗಿಂತ ನನಗೆ ಪೆಟ್ಟಿಗೆಗಳ ಗುರುತು ಹೆಚ್ಚು:
ಹಿಮ ಗೋರುವ ಲಾರಿ ಗುದ್ದಿ ಸೊಟ್ಟಗಾದದ್ದು,
ಕಣಜ ಗೂಡು ಕಟ್ಟಿದ್ದು,
ಸತ್ತವನ ಹೆಸರನ್ನು ಯಾರೂ ಅಳಿಸದೆ ಬಿಟ್ಟದ್ದು.
ಅದು ನಲವತ್ತೊಂದು.

ಇಲ್ಲಿನ ಗಂಡಸರು ಬೆಟ್ಟದ ಹೊಟ್ಟೆಗೆ ಮದ್ದು ತುಂಬಿದರು.
ಬೆಟ್ಟ ಸಿಡಿಯಿತು. ಕಲ್ಲಿದ್ದಲು ರೈಲು ಹತ್ತಿ ಹೋಯಿತು.
ಬೆನ್ನುಗಳು ಇಲ್ಲೇ ಉಳಿದವು.
ಆಮೇಲೆ ಬೆನ್ನಿಗೆ ಮದ್ದು ಬಂತು.
ತಂದುಕೊಟ್ಟವಳು ನಾನೇ.
ಬಿಳಿ ಲಕೋಟೆ, ಒಳಗೆ ಗಲಗಲ,
ಕೂಸಿನ ಗಿಲಕಿಯ ಹಾಗೆ.
ಹಾರ್ಲನ್ ಸ್ಟಿಲ್ಟ್ನರ್ ರಸ್ತೆಗೇ ಬಂದು ಕಾಯುತ್ತಿದ್ದ,
ಮೊದಮೊದಲು ತಿಂಗಳಿಗೊಮ್ಮೆ,
ಆಮೇಲೆ ಭಾನುವಾರ ಕೂಡ, ಟಪಾಲೇ ಇಲ್ಲದ ದಿನ.
"ನನ್ನ ಹೆಸರಿಗೆ ಏನಾದರೂ ಬಂತಾ, ವೆಲ್ಡಾ?"
ಐವತ್ತರ ಗಂಡಸಿನ ಬಾಯಲ್ಲಿ
ಪ್ರೇಮಪತ್ರ ಕಾಯುವ ಹುಡುಗನ ದನಿ.
ನನಗಾಗ ನಗು ಬರುತ್ತಿತ್ತು.

ಇಡೀ ಕೊಳ್ಳಕ್ಕೇ ಯಾರೋ ಮದ್ದು ಹಾಕಿದ್ದಾರೆ
ಎಂದು ತಿಳಿಯುವ ಹೊತ್ತಿಗೆ
ಚರ್ಚಿನ ಹಿಂದಿನ ಹುಲ್ಲನ್ನು
ಒಂದೇ ಬೇಸಗೆಯಲ್ಲಿ ನಾಲ್ಕು ಸಲ ಅಗೆದಾಗಿತ್ತು.
ಯಾರು ಎಂದು ಕೇಳಿದರೆ ಎಲ್ಲರ ಬಳಿಯೂ ರಸೀದಿ:
ಕಂಪನಿಯ ಬಳಿ, ಡಾಕ್ಟರ ಬಳಿ, ಔಷಧಿ ಅಂಗಡಿಯವನ ಬಳಿ.
ನನ್ನ ಬಳಿಯೂ ಇವೆ.
ಹಾರ್ಲನ್‌ನ ಸಹಿ, ತಿಂಗಳಿಂದ ತಿಂಗಳಿಗೆ
ಹೆಚ್ಚು ಹೆಚ್ಚು ವಾಲಿದ್ದು.

ಮದ್ದಿಗೂ ಮದ್ದುಂಟಂತೆ. ಮಾರ್ಚಿಯಲ್ಲಿ
ಅಗ್ನಿಶಾಮಕ ಠಾಣೆಯ ಶೆಡ್ಡಿನಲ್ಲಿ
ಆರೋಗ್ಯ ಇಲಾಖೆಯ ಹುಡುಗಿ
ರಬ್ಬರ್ ಗೊಂಬೆಯ ಮೂಗಿಗೆ ಪಿಚಕಾರಿ ಹಿಡಿದು ತೋರಿಸಿದಳು.
ಬಂದವರು ಒಂಬತ್ತು ಜನ, ಐವರು ತಾಯಂದಿರು.
ಹಿಂದಿನ ಸಾಲಿನಿಂದ ಯಾರೋ ಅಂದರು:
ಎಬ್ಬಿಸಿದರೆ ಮತ್ತೆ ತಗೋತಾರೆ,
ಒಡೆದ ಕೊಡಕ್ಕೆ ನೀರು ತುಂಬಿದ ಹಾಗೆ.
ಹುಡುಗಿ ಏನೂ ಹೇಳಲಿಲ್ಲ.
ಗೊಂಬೆಯ ಗದ್ದ ಒರೆಸಿದಳು.

ಏಪ್ರಿಲ್, ಮಂಗಳವಾರ.
ನಲವತ್ತೊಂದರಲ್ಲಿ ನಾಲ್ಕು ದಿನದ ಟಪಾಲು ಹಾಗೇ ಇದೆ,
ಬೀಜದ ಕ್ಯಾಟಲಾಗು ಮಂಜಿಗೆ ಉಬ್ಬಿದೆ.
ಪಕ್ಕದಲ್ಲಿ ಪಿಕಪ್ಪು, ಎಂಜಿನ್ ಇನ್ನೂ ಓಡುತ್ತಿದೆ.
ಒಳಗೆ ಹಾರ್ಲನ್‌ನ ಕಿರಿಯವ, ಟಾಲಿವರ್.
ಬ್ಲ್ಯಾಕ್‌ಬೆರಿ ತಿಂದ ತುಟಿ ಅಂದುಕೊಂಡೆ.
ಬ್ಲ್ಯಾಕ್‌ಬೆರಿ ಬಿಡುವುದು ಜುಲೈಗೆ.

ಒಂದು ಪಿಚಕಾರಿ. ಎರಡು ನಿಮಿಷ ಕಾಯಬೇಕು.
ಎರಡು ನಿಮಿಷಕ್ಕೆ ನಾನು ಮೂರು ಪೆಟ್ಟಿಗೆ ಮುಗಿಸುತ್ತೇನೆ.
ಹೊಳೆಯಾಚೆ ಯಾರದೋ ನಾಯಿ ಬೊಗಳಿ, ಬೇಸತ್ತು, ಸುಮ್ಮನಾಯಿತು.
ಎರಡನೆಯ ಪಿಚಕಾರಿ.
ಆಮೇಲೆ ನನ್ನ ಬೂಟಿನ ಮೇಲೆ ಕಾರಿಕೊಂಡು,
ಕಣ್ಣು ಬಿಟ್ಟು ಬೈದ:
ಯಾಕೆ ಎಬ್ಬಿಸಿದೆ, ಹಾಳಾದವಳೇ?
ನಿನಗೊಂದು ರಿಜಿಸ್ಟರ್ ಇದೆ, ಸಹಿ ಬೇಕು ಎಂದೆ.
ಇರಲಿಲ್ಲ. ಬಾಯಿಗೆ ಬಂದದ್ದು ಅದೇ.

ಮೂರು ವಾರ ಅವನ ನೆರಳೂ ಇಲ್ಲ.
ನಿನ್ನೆ ನಲವತ್ತೊಂದರ ಕೆಂಪು ಬಾವುಟ ಎದ್ದಿತ್ತು,
ಇಲ್ಲಿಂದ ಏನೋ ಹೊರಡಬೇಕಿದೆ ಎಂದು.
ತೆಗೆದರೆ ಕಾಗದವಿಲ್ಲ, ಏಳು ಮೊಟ್ಟೆ,
ಕರೆಂಟು ಬಿಲ್ಲಿನ ಹಿಂದೆ ಪೆನ್ಸಿಲ್ಲಿನಲ್ಲಿ:
ಆ ಮೂಗಿನದು ಇನ್ನೊಂದಿದ್ದರೆ ಇಟ್ಟು ಹೋಗು.
ನನಗಲ್ಲ. ಮೇಲಿನ ಟ್ರೇಲರಿನ ರೀನಾಗೆ.
ಅವಳ ದಾರಿಗೆ ನಿನ್ನ ಕಾರು ಹತ್ತಲ್ಲ.

ನನಗಲ್ಲ ಎಂದದ್ದು ಸುಳ್ಳೋ ನಿಜವೋ,
ಲಕೋಟೆ ಒಡೆದು ನೋಡುವವಳಲ್ಲ ನಾನು.
ಸ್ಟಾಂಪಿಲ್ಲದ್ದನ್ನು ಪೆಟ್ಟಿಗೆಗೆ ಹಾಕುವುದು
ಇಲಾಖೆಯ ಪ್ರಕಾರ ಅಪರಾಧ.
ಸ್ಟಾಂಪಿದ್ದದ್ದನ್ನೆಲ್ಲ
ಹತ್ತೊಂಬತ್ತು ವರ್ಷ ಹಾಕಿದ್ದೇನೆ.

ಎರಡು ಇಟ್ಟೆ. ಬಾವುಟ ಇಳಿಸಿದೆ.
ಮೊಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡು,
ತಿರುವಿನಲ್ಲಿ ಎಂದಿಗಿಂತ ಮೆಲ್ಲಗೆ,
ನಲವತ್ತೆರಡಕ್ಕೆ ಹೋದೆ.