ಅರ್ಧ ಚಿಟಿಕಿ

ಮುಂಗೈ ಮ್ಯಾಲಿನ ಹಿಟ್ಟು ಒರಸದೇ ಹೋಗಿದ್ದೆ;
ತೋಳಿಗೆ ಪಟ್ಟಿ ಸುತ್ತಿ ಬುಸುಬುಸು ಗಾಳಿ ಹೊಡದಳು ನರ್ಸ್ ಎಸ್ತೇರಮ್ಮ.
ನೂರಾ ನಲವತ್ತೆಂಟು, ಕೆಳಗ ತೊಂಬತ್ನಾಕು.
ನಮ್ಮ ಖಾನಾವಳಿ ಲೆಕ್ಕದಾಗ ಅದೇನೂ ಅಲ್ಲ,
ಒಂದು ಮಧ್ಯಾಹ್ನದ ರೊಟ್ಟಿ.

‘ಮೂರು ತಿಂಗಳು ನೋಡೋಣ’ ಅಂದ್ರು ಡಾಕ್ಟರು,
‘ಇಳೀಲಿಲ್ಲಂದ್ರ ಗುಳಿಗಿ.
ಉಪ್ಪು ಕಡಿಮಿ ಮಾಡ್ರಿ, ನಡೀರಿ, ಸಿಟ್ಟು ಮಾಡ್ಕೋಬ್ಯಾಡ್ರಿ.’
ಅವರಿಗೇನು ಗೊತ್ತು,
ಮೂವತ್ತು ವರ್ಷ ನನ್ನ ನಾಲಿಗೀನೇ ನನ್ನ ತಕ್ಕಡಿ.
ಅಂಗೈಗೆ ಒಂದು ಹನಿ ಸಾರು, ನೆಕ್ಕಿ, ಕಣ್ಣು ಮುಚ್ಚಿ,
ಈ ರಾಯಚೂರ ಬಿಸಿಲಾಗ ಬೆವತು ಬಂದ
ಐವತ್ತು ಮಂದಿ ಬಾಯಿ ನನ್ನ ಬಾಯಾಗ ಇಟ್ಕೊಂಡು
‘ಸಾಕು’ ಅಂದಾಕಿ ನಾನು.

ರಾತ್ರಿ ಕಿವಿಯೊಳಗ ಯಾರೋ ರೊಟ್ಟಿ ಬಡೀತಿದ್ರು.
ತಪ್ ತಪ್ ತಪ್.
ಒಲಿ ಆರಿಸಿ ಮಲಗೀನಿ, ಹಿಟ್ಟು ತೀರೇದ,
ಇನ್ನೂ ಯಾರಿಗೆ ಬಡೀತಿ, ಎದಿಯೇ?

ಮೊದಲ ವಾರ ಎಲ್ಲಾ ಹುಲ್ಲು.
ಬ್ಯಾಳಿ ಹುಲ್ಲು, ಬದನಿಕಾಯಿ ಹುಲ್ಲು,
ಉಪ್ಪಿನಕಾಯಿ ಭರಣಿ ಮಾತ್ರ ಮೂಲ್ಯಾಗ ಕೂತು
ಕೆಂಪು ಬಾಯಿ ತಗದು ನಗತಿತ್ತು.
ಎರಡನೇ ವಾರ ಪುಂಡಿಪಲ್ಯದ ಹುಳಿ
ಮರತುಹೋದ ಸೋದರತ್ತಿ ಹಂಗ ಮನಿಗೆ ಬಂತು.
ಹಸಿ ಬಳ್ಳೊಳ್ಳಿ, ಹುರಿದ ಗುರೆಳ್ಳು, ನಿಂಬಿಹುಳಿ,
ಇವೆಲ್ಲಾ ಇಷ್ಟು ದಿನ ಉಪ್ಪಿನ ಹಿಂದ ನಿಂತು
ಸರದಿ ಕಾಯ್ತಿದ್ವೇನೋ.

ಕದ್ದು ಒಂದು ಕೆಲಸ ಮಾಡಿದೆ, ಯಾರಿಗೂ ಹೇಳಬ್ಯಾಡ್ರಿ:
ಗಿರಾಕಿಗಳ ಸಾರಿನಾಗೂ
ವಾರಕ್ಕ ಅರ್ಧ ಚಿಟಿಕಿ ಇಳಿಸಿದೆ.
ಯಾರೂ ಕೇಳಲಿಲ್ಲ.
ಶಕ್ತಿನಗರದ ಬಾಯ್ಲರ್ ಕೆಲಸದ ಬಸಲಿಂಗಪ್ಪ ಒಬ್ಬಾಂವ
ತುತ್ತು ತಡದು ನನ್ನ ನೋಡಿದ,
‘ಅಕ್ಕಾ, ಪ್ರೆಷರ್ ಇಳಿಸಾಕತ್ತೀಯೇನು?’ ಅಂದ.
ಆಮ್ಯಾಲ ಎರಡು ರೊಟ್ಟಿ ಹೆಚ್ಚಿಗೆ ತಿಂದ.

ನಡಿಗಿ ಅಂದ್ರ ಮಾವಿನಕೆರಿ ದಂಡಿ, ನಸುಕಿನಾಗ.
ಅಲ್ಲೇ ಸಿಕ್ಕಳು ಶರಭಮ್ಮ, ನನ್ನ ಬೆನ್ನಿಗೆ ಬಿದ್ದಾಕಿ,
ನನ್ನ ಎದುರಿಗೇ ಖಾನಾವಳಿ ತಗದಾಕಿ,
ಅವ್ವನ ರೊಟ್ಟಿಹಂಚು ಒಯ್ದಾಕಿ.
ಹನ್ನೊಂದು ವರ್ಷ ಮಾತಿಲ್ಲ.
ನಾನು ಬಲಕ್ಕ ಸುತ್ತಿದ್ರ ಆಕಿ ಎಡಕ್ಕ,
ಹಂಗಾಗಿ ಸುತ್ತಿಗೆ ಎರಡು ಸಲ ಮಾರಿ ನೋಡೋದು.
ತಿರುವಿ ತಿರುವಿ ಕುತ್ತಿಗಿ ನೋವು ಬಂತು,
ಇದಕ್ಕೂ ಡಾಕ್ಟರು ಬೇಕಾದಾರು.

ಒಂದು ದಿನ ಆಕಿ ನಿಂತಳು, ಬಗ್ಗಿ ಚಪ್ಪಲಿ ಬಾರು ಸರಿ ಮಾಡಾಕ.
ಉಸಿರು ಕೇಳಿಸ್ತು, ಥೇಟ್ ನನ್ನ ಉಸಿರಿನ ಹಂಗ.
‘ಎಷ್ಟು?’ ಅಂದೆ. ಬಾಯಿ ತಾನೇ ಅಂತು.
‘ನೂರಾ ಐವತ್ತೆರಡು’ ಅಂದಳು, ನೆಲ ನೋಡ್ಕೊಂತ.
ನಾಕು ಹೆಚ್ಚು.
ಎಲ್ಲಾದ್ರಾಗೂ ನನಗಿಂತ ಮುಂದ ಇರಬೇಕು ಆಕಿಗೆ!
ನಗು ಬಂತು, ತಡೀಲಿಲ್ಲ.
ಅವ್ವಗೂ ಹಿಂಗೇ ತಲಿ ತಿರುಗಿತ್ತು ಒಲಿ ಮುಂದ,
ಆಕಿ ತೋಳಿಗೆ ಯಾರೂ ಪಟ್ಟಿ ಸುತ್ತಲಿಲ್ಲ.

ಅವತ್ತು ನಾನು ದಿಕ್ಕು ಬದಲಿಸಲಿಲ್ಲ, ಆಕೀನೂ.
ಆದ್ರ ಎದುರಾದಾಗೊಮ್ಮೆ ‘ಹ್ಞೂಂ’ ಅಂದಳು, ‘ಹ್ಞೂಂ’ ಅಂದೆ.

ಮೂರು ತಿಂಗಳಿಗೆ ಮತ್ತ ಎಸ್ತೇರಮ್ಮನ ಪಟ್ಟಿ.
ನೂರಾ ಮೂವತ್ತಾರು.
‘ಏನು ಮಾಡಿದ್ರಿ?’ ಅಂತ ಕೇಳಿದಳು.
ಏನಂತ ಹೇಳಲಿ?
ಉಪ್ಪಿನ ಡಬ್ಬಿ ಮ್ಯಾಲಿನ ಗೂಡಿಗೆ ಏರಿಸೀನಿ.
ಹಂಚು ಇನ್ನೂ ಆಕಿ ಹತ್ರಾನೇ ಅದ.