ಹನ್ನೊಂದರ ಸೂಜಿ

ಹನ್ನೊಂದು ವರ್ಷ ನಾನು ಹೊಲಿದದ್ದು ಎಡಗಡೆಯ ಹಿಂಜೇಬು.
ಬರೀ ಅದೇ.
ಕೌಲ್ ಬಜಾರಿನ ಶೆಡ್ಡಿನಲ್ಲಿ ಬಲಗಡೆಯದು ಮಾರೆಕ್ಕನದು,
ಜಿಪ್ಪು ಷೇಕ್ಷಾವಲಿಯದು, ಸೊಂಟಪಟ್ಟಿ ಯಾರದೋ.
ಇಡೀ ಪ್ಯಾಂಟು ಎದ್ದು ನಿಂತದ್ದನ್ನು
ಬಸ್‌ಸ್ಟ್ಯಾಂಡಿನ ಸಾಲಿನಲ್ಲಿ ಒಬ್ಬನ ಹಿಂದೆ ನಿಂತಾಗ ಕಂಡೆ.
ಗುರುತು ಹಿಡಿದದ್ದು ಜೇಬನ್ನು, ಮನುಷ್ಯನನ್ನಲ್ಲ.

ಶೆಡ್ಡು ಮುಚ್ಚಿದ ದಿನ ಬಾಕಿ ಕೂಲಿಗೆ ಬದಲು
ಮಾಲೀಕ ಒಂದು ಹಳೇ ಮಿಷನ್ನು ಕೊಟ್ಟ.
ಆಟೋ ಬಾಡಿಗೆ ನಂದೇ.

ಶಾಲಿನ ದಾರಿ ತೋರಿಸಿದವಳು ಪಾತ್ರೆ ಅಂಬಮ್ಮ,
ಹಳೇ ಬಟ್ಟೆಗೆ ಸ್ಟೀಲು ಡಬ್ಬಿ ಕೊಡುವವಳು.
"ಸೀರೆಗೆ ಗಿರಾಕಿ ಐತಿ, ಪ್ಯಾಂಟಿಗೆ ಐತಿ,
ಈ ಸನ್ಮಾನದ ಶಾಲು ಮಾತ್ರ ನಾಯೀನೂ ಮೂಸಲ್ಲ ನೋಡು ಹೊನ್ನೂರಬಿ.
ನಮ್ಮೂರ ಬಿಸಿಲಾಗ ಹೊದಿಯೋರು ಯಾರು?
ಹದಿನೈದಕ್ಕೊಂದು ತಗೊ."

ನಿಜವೇ. ಬಳ್ಳಾರಿಗೆ ಚಳಿಗಾಲ ಬರುವುದು ಕ್ಯಾಲೆಂಡರಿನಲ್ಲಿ.
ಹಗಲುಂಡ ಬಿಸಿಲನ್ನು ಗುಡ್ಡ ರಾತ್ರಿಯಿಡೀ ತೇಗುತ್ತದೆ.
ಆದರೂ ವೇದಿಕೆ ಹತ್ತಿದವರ ಹೆಗಲಿಗೆಲ್ಲ ಶಾಲು,
ಚಪ್ಪಾಳೆ ಮುಗಿಯುವಷ್ಟು ಹೊತ್ತು.
ಆಮೇಲೆ ಬೀರುವಿನೊಳಗೆ, ಡಾಂಬರುಗುಳಿಗೆಯ ಜೊತೆ, ವನವಾಸ.

ಮೊದಲನೆಯದನ್ನು ಕೆಡಿಸಿದೆ.
ಜೀನ್ಸಿನ ಹದಿನೆಂಟರ ಸೂಜಿ. ಶಾಲಿನ ಮೈತುಂಬ ತೂತು,
ಸಿಡುಬು ಎದ್ದ ಹಾಗೆ.
ಹನ್ನೊಂದರ ಸೂಜಿ ತಂದೆ. ಸೂಜಿಯೇನೋ ಬದಲಾಯಿತು,
ಕಾಲು ಬದಲಾಗಬೇಕಲ್ಲ?
ಪೆಡಲನ್ನು ಅದು ಇನ್ನೂ ಒದೆಯುತ್ತಲೇ ಇತ್ತು.
ಅಪ್ಪ ಮಾಳಿಗೆ ಮೇಲೆ ಪಾರಿವಾಳ ಹಿಡಿಯುತ್ತಿದ್ದ ರೀತಿ ನೆನೆದು
ಬೆರಳು ಸಡಿಲ ಬಿಟ್ಟೆ.

ಎರಡನೆಯದು ಕುಂಚಿಗೆ. ಬ್ರೂಸ್‌ಪೇಟೆಯ ಬಾಣಂತಿ ಒಯ್ದಳು,
ನಾಲ್ಕನೇ ದಿನ ವಾಪಸು ತಂದಳು:
ಕೂಸಿನ ನೆತ್ತಿಯೆಲ್ಲ ನೇರಳೆಹಣ್ಣಿನ ಬಣ್ಣ.
ದುಡ್ಡು ಮರಳಿಸಿದೆ, ಮೇಲೊಂದು ಸೋಪು ಕೊಟ್ಟೆ.
ಅಂದಿನಿಂದ ಉಪ್ಪುನೀರಲ್ಲಿ ನೆನೆಸದೆ ಕತ್ತರಿ ಇಡುವುದಿಲ್ಲ.

ನೆನೆಸುವ ಮೊದಲು ಮಡಿಕೆ ಕೊಡವಬೇಕು.
ಅಕ್ಷತೆ ಉದುರುತ್ತದೆ, ತುಕ್ಕುಹಿಡಿದ ಪಿನ್ನು, ಚೆಂಡುಹೂವಿನ ಎಸಳು.
ಒಮ್ಮೆ ಯಾರದೋ ಭಾಷಣದ ಚೀಟಿ. ನಾಲ್ಕೇ ಸಾಲು.
ಮೂರನೆಯದರಲ್ಲಿ ಹೆಂಡತಿಯ ಹೆಸರು ಬರೆದು
ಹೊಡೆದುಹಾಕಿತ್ತು.

ಪಂಪನಗೌಡ ಮೇಷ್ಟ್ರು ತಾವೇ ಬಂದರು,
ಸ್ಕೂಟರಿನ ಕಾಲಡಿ ಗೋಣಿಚೀಲ, ನಲವತ್ತಮೂರು ಶಾಲು.
ರೊಕ್ಕ ಬೇಡವಂತೆ.
ಪುಕ್ಕಟೆ ಮಾಲು ಲೆಕ್ಕ ಕೆಡಿಸುತ್ತದೆ ಸಾರ್ ಅಂದೆ,
ಆರುನೂರಾ ನಲವತ್ತೈದು ಎಣಿಸಿ ಕೊಟ್ಟೆ.
ಅವರೂ ಎಣಿಸಿಯೇ ಜೇಬಿಗಿಟ್ಟರು.
ಸ್ಕೂಟರು ಶುರು ಮಾಡಿ, ಆರಿಸಿ,
"ಆ ಹಸಿರುದು ಮಾತ್ರ... ಬೇಡ, ಇರಲಿ.
ಹೊದಿಸಿದವನ ಕೈ ಬಹಳ ನಡುಗುತ್ತಿತ್ತು" ಅಂದರು.
ಯಾರು ಅಂತ ನಾನು ಕೇಳಲಿಲ್ಲ.

ಹಸಿರುದು ಐದು ವರ್ಷದ ಹುಡುಗಿಗೆ ಫ್ರಾಕಾಯಿತು.
ಜರಿಯಂಚು ಕೆಳಗೆ, ನಿರಿಗೆ ಸೊಂಟಕ್ಕೆ,
ತೋಳು, ಕೊರಳು, ಗುಂಡಿ, ಕಾಜ ಎಲ್ಲಾ ನಂದೇ.
ಮೊಳೆಗೆ ನೇತುಹಾಕಿ ದೂರ ನಿಂತು ನೋಡಿದೆ.
ರಾತ್ರಿ ಎದ್ದು ಲೈಟು ಹಾಕಿ ಇನ್ನೊಮ್ಮೆ ನೋಡಿದೆ.

"ಹೆಣ್ಣುಡುಗಿ ಫ್ರಾಕಿಗೆ ಜೇಬು ಯಾಕಕ್ಕ, ಅದೂ ಹಿಂದುಗಡೆ?"
ಅವರವ್ವ ನಕ್ಕಳು.
ಏನು ಹೇಳಲಿ? ಕೈ ತಾನೇ ಹೊಲಿದಿತ್ತು, ಎಡಗಡೆ.
ಬಿಚ್ಚಿಕೊಡಲೇನು ಅಂದೆ.
ಹುಡುಗಿ ಅಷ್ಟರಲ್ಲಿ ಕೈ ಹಿಂದಕ್ಕೆ ತಿರುಚಿ
ಒಂದು ಹುಣಸೆಬೀಜ ಒಳಗಿಟ್ಟು
ಮೇಲೆ ತಟ್ಟಿ ನೋಡಿಕೊಳ್ಳುತ್ತಿದ್ದಳು.

ನೂರಾ ಎಂಬತ್ತು ಹೇಳಿದ್ದೆ. ಹತ್ತು ಬಿಡು ಅಂದಳು.
ಬರೆದುಕೊಂಡೆ: ಹಸಿರು ಫ್ರಾಕು, ಒಂದು. ನೂರಾ ಎಪ್ಪತ್ತು.