ಎಡಗಿವಿ

ಶನಿವಾರ ಪೇಠೆಯ ನಮ್ಮ ಫ್ಲೆಕ್ಸ್ ಅಂಗಡಿಗೆ ಎಲ್ಲರೂ ಬರುತ್ತಾರೆ.
ಹುಟ್ಟುಹಬ್ಬದ ಅಣ್ಣಂದಿರು, ವರ್ಷಶ್ರಾದ್ಧದ ಅಳಿಯಂದಿರು,
ಬೆಳಿಗ್ಗೆ ಒಂದು ಪಕ್ಷ, ಊಟವಾದ ಮೇಲೆ ಇನ್ನೊಂದು.
ದಿಘೆ ಸೇಠ್ ಹೇಳುವ ದರ ಒಂದೇ, ಚದರಡಿಗೆ ಹದಿನಾಲ್ಕು.
ಹರಕೆಗೂ ಬೈಗುಳಕ್ಕೂ ಮಸಿ ಅಷ್ಟೇ ಹಿಡಿಯುತ್ತದೆ.

ಆಷಾಢದಲ್ಲಿ ಫೋನಿಗೊಂದು ಧ್ವನಿ ಬಂತು,
ಓಡುವ ಕಾರಿನೊಳಗಿಂದ, ಹಿಂದೆ ಯಾವುದೋ ಹಾಡು:
"ಸಾವಧಾನ್ ಅಂತ ದೊಡ್ಡದಾಗಿ ಹಾಕು. ಕೆಂಪು.
ಕೆಳಗೆ, ಮನೆ ಬಾಡಿಗೆ ಕೊಡುವ ಮುನ್ನ ಊರು ಕೇಳಿ.
ಪಕ್ಕಕ್ಕೆ ಒಬ್ಬ ಮನುಷ್ಯ ಬೇಕು. ಮುಖ ಬೇಡ,
ಮುಖ ಹಾಕಿದರೆ ಕೇಸಾಗುತ್ತದೆ."
ಯಾವ ಕಡೆಯವನು ಎಂದು ಕೇಳಿದೆ.
"ಅದನ್ನು ಓದುವವರು ತುಂಬಿಕೊಳ್ಳುತ್ತಾರೆ ಬಿಡು."

ನಮ್ಮ ಕಡೆ ಸಾವಧಾನ ಎಂದರೆ
ಅವಸರ ಬೇಡ, ಕೂತುಕೋ, ನೀರು ಕುಡಿ.
ಇಲ್ಲಿ ಅದೇ ಪದಕ್ಕೆ ಮೂರಡಿ ಕೆಂಪು.

ಆ ರಾತ್ರಿ ನೆಟ್ ಇರಲಿಲ್ಲ, ಬೆಳಿಗ್ಗೆ ಎಂಟಕ್ಕೆ ಕೊಡಬೇಕು.
ಟ್ಯೂಬ್‌ಲೈಟಿಗೆ ಬೆನ್ನು ಕೊಟ್ಟು ನಿಂತೆ,
ಹೆಲ್ಪರ್ ಹುಡುಗ ಗೋಡೆಯ ಮೇಲಿನ ನೆರಳಿನ ಫೋಟೋ ಹೊಡೆದ.
ಅಂಚು ಬಿಡಿಸಿ ಕಪ್ಪು ತುಂಬಿದೆ.
ಚೆನ್ನಾಗಿ ಬಂತು, ಸುಳ್ಳು ಯಾಕೆ ಹೇಳಲಿ,
ಭುಜದಲ್ಲೇ ಏನೋ ಹೊಂಚು ಇತ್ತು.
ಎಡಗಿವಿ ಮಾತ್ರ ತುಸು ಹೊರಗೆ ಚಾಚಿತ್ತು,
ಇಂಡಿಯ ಶಾಲೆಯಲ್ಲಿ ಮಾಸ್ತರರು ಹಿಡಿದೆಳೆದು
ಹಾಗಾದ ಕಿವಿ. ಹಾಗೇ ಬಿಟ್ಟೆ.

ವಾರದೊಳಗೆ ನಾನು ಸ್ವಾರಗೇಟಿನಲ್ಲಿದ್ದೆ,
ಹಡಪ್ಸರದ ಸಿಗ್ನಲ್ಲಿನಲ್ಲಿ, ಕಾತ್ರಜ್ ತಿರುವಿನ ಹಾಲಿನ ಬೂತಿನ ನೆತ್ತಿಯ ಮೇಲೆ.
ಇನ್ನೊಂದು ಪಕ್ಷದವರೂ ಬಂದರು:
"ಅದೇ ಮನುಷ್ಯ. ಬಣ್ಣ ನಮ್ಮದು. ಎತ್ತರ ಒಂದಡಿ ಜಾಸ್ತಿ."
ಒಂಬತ್ತರ ಸುದ್ದಿಯಲ್ಲಿ
ಆರು ಚೌಕಗಳೊಳಗೆ ಆರು ಮಂದಿ ಕಿರುಚುವಾಗ
ಅವರ ಹಿಂದೆ ನಿಂತಿದ್ದೆ, ಏನೂ ಮಾಡದೆ,
ಕಾಯುತ್ತಿರುವವನ ಹಾಗೆ.

ಮಂದಾಕಾಕು ವಾಡೆಯ ಮೇಲಿನ ಕೋಣೆ
ಒಂಬತ್ತು ವರ್ಷದಿಂದ ನನ್ನದು.
ಏಕಾದಶಿಗೆ ಸಾಬೂದಾಣಿ ಖಿಚಡಿಯ ಬಟ್ಟಲು ಮೇಲೆ ಬರುತ್ತದೆ,
ಅವ್ವ ಕಳಿಸಿದ ಶೇಂಗಾಹಿಂಡಿ ತುಂಬಿಕೊಂಡು ಕೆಳಗಿಳಿಯುತ್ತದೆ.
ಈಗ ಸಾಣೆಯವನನ್ನು ಕಾಕು ಅಂಗಳಕ್ಕೆ ಬಿಡುವುದಿಲ್ಲ.
ಇಪ್ಪತ್ತು ವರ್ಷ ಅವಳ ಈಳಿಗೆ ಮಸೆದವನು
ಬೀದಿಯಲ್ಲೇ ಚಕ್ರ ತುಳಿದ.
ಕಿಡಿ ಹಾರುವುದನ್ನು ಗ್ರಿಲ್ಲಿನ ಸಂದಿಯಿಂದ ನೋಡುತ್ತ
"ನೀನೂ ಹುಷಾರಾಗಿರಪ್ಪ," ಎಂದಳು ನನಗೆ,
"ದಿನಮಾನ ಸರಿ ಇಲ್ಲ."
ಹೂಂ ಎಂದೆ.

ಒಂದು ಸಂಜೆ ಕೆಳಗೆ ಟಿವಿ. ಬಾಗಿಲಲ್ಲಿ ನಾನು, ಕೈಯಲ್ಲಿ ಬಟ್ಟಲು.
ಮೊಮ್ಮಗಳು ಈರಾ ಪರದೆಗೆ ಬೆರಳಿಟ್ಟು,
"ಆಜೀ, ಇದು ಮೇಲಿನ ಮಾಮಾನ ಕಿವಿ!"
ನಕ್ಕೆವು. ಕಾಕು ಸ್ವಲ್ಪ ಹೆಚ್ಚೇ ನಕ್ಕಳು.
ಬಟ್ಟಲು ಇಸಕೊಂಡಳು, ತೊಳೆದು ಬೋರಲಿಟ್ಟಳು.

ರಾತ್ರಿ ಹನ್ನೊಂದಕ್ಕೆ
ಅವರ ನಡುಮನೆಗೂ ಮೆಟ್ಟಿಲಿಗೂ ಮಧ್ಯದ ಬಾಗಿಲಲ್ಲಿ ಸದ್ದು.
ಒಂಬತ್ತು ವರ್ಷ ಎಣ್ಣೆ ಕಾಣದ ಚಿಲಕ,
ಎರಡು ಸಲ ತಡೆಯಿತು,
ಮೂರನೆಯದಕ್ಕೆ ಬಿತ್ತು.

ಬೆಳಿಗ್ಗೆ ಸೇಠ್ ಬರುವ ಮುಂಚೆ ಫೈಲು ತೆರೆದೆ.
ಅಳಿಸಬಹುದಿತ್ತು.
ಮುನ್ನೂರು ಪ್ರತಿ ಇನ್ನೂ ಬಾಕಿ, ಪಗಾರಕ್ಕೆ ನಾಲ್ಕು ದಿನ.
ಕಿವಿಯ ಅಂಚಿನಲ್ಲಿ ನಾಲ್ಕು ಬಿಂದುಗಳಿದ್ದವು.
ಮಾಸ್ತರರು ಹೊರಗೆ ಎಳೆದದ್ದನ್ನು
ಒಂದೊಂದಾಗಿ ಒಳಗೆ ಎಳೆದೆ,
ಸಾವಧಾನವಾಗಿ.

ಬಲಗಿವಿಯ ಹಾಗೇ ಆಯಿತು.
ಸಾಣೆಯವನ ಕಿವಿಯ ಹಾಗೂ.
ಈಗ ಅದು ಯಾರಿಗೆ ಬೇಕಾದರೂ ಒಪ್ಪುತ್ತದೆ,
ನನ್ನೊಬ್ಬನನ್ನು ಬಿಟ್ಟು.
ಪ್ರಿಂಟ್ ಒತ್ತಿದೆ.
ಯಂತ್ರದ ತಲೆ ಎಡದಿಂದ ಬಲಕ್ಕೆ,
ಬಲದಿಂದ ಎಡಕ್ಕೆ ಹೊರಳತೊಡಗಿತು,
ಒಲ್ಲೆ ಒಲ್ಲೆ ಎನ್ನುವವರ ಹಾಗೆ,
ಮಸಿ ಚೆಲ್ಲುತ್ತಲೇ.